ಜೇನುಪೆಟ್ಟಿಗೆಯೊಳಗಿನ 35 ಡಿಗ್ರಿ

ಶಾಲೆಯಲ್ಲಿ ಕಲಿತಿದ್ದು ಇಷ್ಟೇ: ಹಕ್ಕಿ, ದನ, ಮನುಷ್ಯ ಬಿಸಿರಕ್ತದವರು, ಹಾವು, ಕಪ್ಪೆ, ಹುಳಗಳು ಶೀತರಕ್ತದವು. ಶಿರಸಿ ಹತ್ತಿರದ ನಮ್ಮ ತೋಟದಲ್ಲಿ ತುಡುವೆ ಜೇನು ಸಾಕುತ್ತಾ ಬಂದ ಹಾಗೆ ಈ ಗೆರೆ ಅಷ್ಟು ನೇರ ಇಲ್ಲ ಅನಿಸಿತು.

ಚಳಿಗಾಲದ ಬೆಳಿಗ್ಗೆ ಬೇಲಿ ಮೇಲಿನ ಓತಿಕ್ಯಾತ ಬಿಸಿಲು ಬರುವ ತನಕ ಅಲ್ಲಾಡುವುದಿಲ್ಲ. ಒಂಟಿ ಜೇನುಹುಳ ಚಳಿಗೆ ಸಿಕ್ಕರೂ ಅದೇ ಗತಿ, ಹಾರಲಾಗದೆ ಬಿದ್ದಿರುತ್ತದೆ. ಆದರೆ ಅದೇ ಹೊತ್ತಿಗೆ ಮರಿಗಳಿರುವ ಎರಿಗಳ (ಮೇಣದ ಹಲ್ಲೆಗಳ) ನಡುವೆ ಥರ್ಮಾಮೀಟರಿನ ವೈರು ಇಳಿಸಿದರೆ 34-35 ಡಿಗ್ರಿ ತೋರಿಸುತ್ತದೆ. ಏಪ್ರಿಲ್ ಮಧ್ಯಾಹ್ನವೂ ಹೆಚ್ಚುಕಮ್ಮಿ ಅಷ್ಟೇ.

ಚಳಿಯಾದರೆ ಹುಳಗಳು ಮರಿಗಳ ಮೇಲೆ ಒತ್ತಾಗಿ ಕೂರುತ್ತವೆ. ಹಾರಲು ಬಳಸುವ ಎದೆಯ ಸ್ನಾಯುಗಳನ್ನೇ, ರೆಕ್ಕೆ ಬಡಿಯದೆ, ನಡುಗಿಸುತ್ತವೆ. ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಿಸಿದ ಹಾಗೆ. ಇದಕ್ಕೆ ಜೇನುತುಪ್ಪ ಖರ್ಚಾಗುತ್ತದೆ. ಮಳೆಗಾಲದಲ್ಲಿ ನಾನು ಸಕ್ಕರೆ ಪಾಕ ಇಡುವುದು ಬರೀ ಹೊಟ್ಟೆಪಾಡಿಗಲ್ಲ, ಕಾವಿಗೂ ಹೌದು. ಕಾವು ತಪ್ಪಿದರೆ ಮರಿಗಳ ರೆಕ್ಕೆ ಸೊಟ್ಟಗಾಗುತ್ತದೆ, ಎಷ್ಟೋ ಸಾಯುತ್ತವೆ.

ತುಡುವೆಗೆ ಈ ಬಿಸಿ ಆಯುಧವೂ ಹೌದು. ದೊಡ್ಡ ಕಣಜ ಬಂದರೆ ಗುಂಪಾಗಿ ಮುತ್ತಿ, ಉಂಡೆ ಕಟ್ಟಿ, 45 ಡಿಗ್ರಿ ದಾಟಿಸಿ ಸಾಯಿಸುತ್ತವೆ!

ಸೆಕೆಗೆ ಬೇರೆ ಉಪಾಯ. ಹೊರಗಿಂದ ನೀರು ತಂದು ಎರಿ ಮೇಲೆ ತೆಳ್ಳಗೆ ಹರಡುತ್ತವೆ, ಬಾಗಿಲಲ್ಲಿ ಸಾಲಾಗಿ ನಿಂತು ರೆಕ್ಕೆ ಬೀಸುತ್ತವೆ. ನೀರು ಆರುತ್ತಾ ಒಳಗೆ ತಂಪಾಗುತ್ತದೆ. ನಮ್ಮ ಬೆವರು ಮಾಡುವ ಕೆಲಸವೂ ಇದೇ ಅಲ್ವಾ?

ಹಾಗಾಗಿ ಅವುಗಳ ಕೆಲಸ ಹಗುರ ಮಾಡುವುದಷ್ಟೇ ನನ್ನ ಪಾಲಿನದು. ಮಳೆ ಹಿಡಿಯುವ ಮುಂಚೆ ಖಾಲಿ ಎರಿ ತೆಗೆದು, ಪಕ್ಕಕ್ಕೆ ಅಡ್ಡ ಹಲಗೆ ಇಟ್ಟು ಜಾಗ ಕಿರಿದು ಮಾಡುತ್ತೇನೆ. ಕಾಯಿಸಬೇಕಾದ ಜಾಗ ಕಮ್ಮಿಯಾದಷ್ಟೂ ತುಪ್ಪ ಉಳಿಯುತ್ತದೆ. ಜಡಿಮಳೆಯಲ್ಲಿ ಮುಚ್ಚಳ ತೆಗೆಯುವುದಿಲ್ಲ. ಉಳಿದ ದಿನವೂ ಮರಿ ಎರಿಯನ್ನು ಹೊರಗೆ ಹಿಡಿದು ನೋಡುತ್ತಾ ನಿಲ್ಲುವುದಿಲ್ಲ, ಫೋಟೊಕ್ಕಂತೂ ಇಲ್ಲವೇ ಇಲ್ಲ. ಮಾರ್ಚ್‌ನಿಂದ ಪೆಟ್ಟಿಗೆ ಮೇಲೆ ಅಡಿಕೆ ಸೋಗೆ ಹೊದಿಸಿ, ಹತ್ತಿರ ನೀರಿನ ತಟ್ಟೆ ಇಡುತ್ತೇನೆ. ತಟ್ಟೆಯಲ್ಲಿ ಕಲ್ಲು ಇರಲೇಬೇಕು, ಇಲ್ಲದಿದ್ದರೆ ಹುಳ ಮುಳುಗುತ್ತವೆ.

ಸೆಕೆ ಅಂತ ಕೆಲವರು ಪೆಟ್ಟಿಗೆಗೆ ತೂತು ಹೊಡೆಯುತ್ತಾರೆ. ನನಗದು ಒಪ್ಪಿಗೆಯಿಲ್ಲ. ಯುರೋಪಿನ ಜೇನಾದರೆ ಮರದ ಅಂಟು ತಂದು ಸಂದಿ ಮುಚ್ಚಿಕೊಳ್ಳುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲ. ನೀವು ಹೊಡೆದ ತೂತು ಚಳಿಗಾಲದ ರಾತ್ರಿಗೂ ತೆರೆದೇ ಇರುತ್ತದೆ.