ಮಂಜಿಗೆ ಅಂತ ಬಿಳಿ ಬಲ್ಬ್ ಹಾಕಿ ಬೇಸ್ತು ಬಿದ್ದಿದ್ದು

ನಮ್ಮನೆ ಮಡಿಕೇರಿ ಪಕ್ಕದ ಮದೆನಾಡು ಹತ್ರ, ಮಗ ಓದೋದು ಸುಳ್ಯದಲ್ಲಿ, ಹಾಗಾಗಿ ಜುಲೈ ಆಗಸ್ಟಲ್ಲೂ ಸಂಪಾಜೆ ಘಾಟಿ ಇಳಿದು ಹತ್ತೋದು ತಪ್ಪಲ್ಲ. ಮಳೆ ಆದ್ರೂ ಹೇಗೋ ಸುಧಾರಿಸ್ಬೋದು, ಮಂಜು ಇಳೀತಂದ್ರೆ ಬಾನೆಟ್ ಮುಂದೆ ಏನಿದೆ ಅಂತಾನೇ ಗೊತ್ತಾಗಲ್ಲ ಮಾರ್ರೆ. ಕಾರು ಹಳೇ ಆಲ್ಟೊ, ಹೆಡ್‌ಲೈಟಿಗೆ ಎಚ್4 ಅನ್ನೋ ಮಾದರಿ ಹ್ಯಾಲೊಜನ್ ಬಲ್ಬು, 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55).

ಬೆಳಕು ಸಾಲ್ದು ಅಂತ ಮೊದ್ಲು ಹಾಕ್ಸಿದ್ದು ನೀಲಿ ಗಾಜಿನ ಸೂಪರ್ ವೈಟ್. ಅಂಗಡಿ ಮುಂದೆ ಜಗಮಗ ಅಂತಿತ್ತು, ಘಾಟಿಯ ಒದ್ದೆ ಟಾರ್ ಮೇಲೆ ಲೈಟ್ ಹಾಕಿದೀನೋ ಇಲ್ವೋ ಅಂತ ಸ್ವಿಚ್ ಮುಟ್ಟಿ ನೋಡ್ಬೇಕು, ಹಂಗಿತ್ತು. ಆ ನೀಲಿ ಕೋಟಿಂಗ್ ಇರೋ ಬೆಳಕಲ್ಲೇ ಒಂದಷ್ಟು ನುಂಗಿಬಿಡತ್ತೆ. ಆಮೇಲೆ ಎಲ್‌ಇಡಿ ಹಾಕ್ದೆ, ಅದು ಇನ್ನೂ ಮೋಸ. ಹ್ಯಾಲೊಜನ್ ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟ್ ಕೂರೋ ಜಾಗದ ಲೆಕ್ಕಕ್ಕೆ, ಎಲ್‌ಇಡಿಯ ಚಿಪ್ ಸರಿಯಾಗಿ ಅಲ್ಲೇ ಕೂರದಿದ್ರೆ ಬೆಳಕು ಮೇಲಕ್ಕೆ ಚದುರಿ ಮಂಜಿನ ಹನಿಗೆ ಬಡಿದು ನಮ್ ಕಣ್ಣಿಗೇ ವಾಪಸ್ ಬರತ್ತೆ, ಎದುರಿಂದ ಬರೋ ಲಾರಿಯವ್ರು ಬೇರೆ ಬೈಕೊಂಡು ಹೋಗ್ತಾರೆ.

ಕೊನೆಗೆ ಮಾಮೂಲಿ 60/55 ಹ್ಯಾಲೊಜನ್ನೇ ವಾಪಸ್ ಹಾಕ್ದೆ, ಎರಡೂ ಒಟ್ಟಿಗೆ, ಗಾಜು ಕೈಲಿ ಮುಟ್ಟದೆ (ಬೆರಳಿನ ಜಿಡ್ಡು ಅಂಟಿದ್ರೆ ಆ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಹೋಗತ್ತೆ). ಮೀಟರ್ ಹಿಡಿದು ನೋಡಿದ್ರೆ ಬ್ಯಾಟರಿಲಿ 14 ವೋಲ್ಟ್ ಹತ್ರ ಇದೆ, ಬಲ್ಬಿನ ಪಿನ್ನಲ್ಲಿ 12ಕ್ಕೂ ಸ್ವಲ್ಪ ಕಮ್ಮಿ, ಮಿಕ್ಕಿದ್ದು ದಾರಿಲೇ ಸೋರಿ ಹೋಗ್ತಿತ್ತು! ರಿಲೇ (ಬ್ಯಾಟರಿಯಿಂದ ನೇರ ಬಲ್ಬಿಗೆ ಕರೆಂಟ್ ಬಿಡೋ ಸ್ವಿಚ್) ಇಟ್ಟು ದಪ್ಪ ವೈರ್ ಎಳೆಸಿ, ಹಳದಿ ಕಟ್ಟಿದ್ದ ಹೆಡ್‌ಲೈಟ್ ಗ್ಲಾಸ್ ಪಾಲಿಶ್ ಮಾಡಿಸಿದ್ದಕ್ಕೆ ಅದೇ ಬಲ್ಬ್ ಬೇರೆ ಥರ ಉರೀತು.

ಫಾಗ್ ಲ್ಯಾಂಪ್ ಬಂಪರ್ ಕೆಳಗೆ ಕೂರಿಸ್ದೆ, ಎಚ್3 ಮಾದರಿ ಬಲ್ಬು, 55 ವ್ಯಾಟ್, ಹಳದಿ. ಹಳದಿ ಮಂಜನ್ನ ಸೀಳತ್ತೆ ಅನ್ನೋದು ನಿಜ ಅಲ್ಲ, ಮಂಜಿನ ಹನಿ ಬೆಳಕಿನ ಅಲೆಗಿಂತ ತುಂಬಾ ದಪ್ಪ, ಎಲ್ಲಾ ಬಣ್ಣನೂ ಹೆಚ್ಚುಕಮ್ಮಿ ಒಂದೇ ಥರ ಚದುರತ್ತೆ, ಆದ್ರೆ ನನ್ ಕಣ್ಣಿಗಂತೂ ಅದು ಕಮ್ಮಿ ಚುಚ್ಚತ್ತೆ. ಮುಖ್ಯ ಅದು ಬೀಳೋ ಜಾಗ. ರಾತ್ರಿ ಗೋಡೆಯಿಂದ 25 ಅಡಿ ದೂರ ನಿಲ್ಸಿ, ಬೆಳಕಿನ ಮೇಲಂಚು ಲ್ಯಾಂಪಿನ ಎತ್ತರಕ್ಕಿಂತ 4 ಇಂಚು ಕೆಳಗೆ ಬರೋ ಹಾಗೆ ಬಗ್ಗಿಸ್ದೆ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಮಾಡೋರೂ ಇಲ್ಲ. ಹೈ ಬೀಮ್ ಅಂತೂ ಮಂಜಲ್ಲಿ ಹಾಕ್ಲೇಬೇಡಿ, ಎದುರಿಗೆ ಬಿಳಿ ಗೋಡೆ ಎದ್ದ ಹಾಗಿರತ್ತೆ.

ಈಗ್ಲೂ ಜೋಡುಪಾಲದ ಹತ್ರ ಮಂಜು ದಟ್ಟ ಆದ್ರೆ 20 ಕಿಮೀ ಸ್ಪೀಡ್ ದಾಟಲ್ಲ ನಾನು, ಎಡಗಡೆ ಬಿಳಿ ಗೆರೆ ಕಾಣತ್ತೆ, ಅದನ್ನೇ ಹಿಡ್ಕೊಂಡು ಇಳೀತೀನಿ.