ಮನೆಯವರು ಗುರುಗಳ ಕೂಟ ಸೇರಿ ದೂರವಾದರೆ ಏನು ಮಾಡಬೇಕು

ಎಲ್ಲಕ್ಕಿಂತ ಮೊದಲು, ಗುರುವನ್ನು ಬೈಯಬೇಡಿ. ನಾನು ಬೈದೆ. ಆಮೇಲೆ ಹದಿನಾಲ್ಕು ತಿಂಗಳು ನನ್ನ ತಮ್ಮ ನನ್ನ ಫೋನ್ ಎತ್ತಲಿಲ್ಲ.

ಅವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಮದುವೆ ಮುರಿದುಬಿದ್ದ ವರ್ಷ ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಭಾನುವಾರದ ಧ್ಯಾನ ಶಿಬಿರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಕೂರಿಸಿ ಬಡಿಸಿದರು, ಹೆಸರು ಹಿಡಿದು ಮಾತಾಡಿಸಿದರು. ಹುಟ್ಟುಹಬ್ಬಕ್ಕೆ ಇಪ್ಪತ್ತು ಜನ ಫೋನ್ ಮಾಡಿದರು. ನಮ್ಮ ಕಡೆಯಿಂದ ಹೋಗಿದ್ದು ನನ್ನ ಫೋನೊಂದೇ, ಅದೂ ರಾತ್ರಿ ಒಂಬತ್ತಕ್ಕೆ. ಎರಡು ವರ್ಷದಲ್ಲಿ ಕೆಲಸ ಬಿಟ್ಟು ಅಲ್ಲೇ ಉಳಿದುಬಿಟ್ಟ. ದಡ್ಡರು ಮಾತ್ರ ಇಂಥದ್ದಕ್ಕೆ ಬೀಳುತ್ತಾರೆ ಅನ್ನುವವರಿಗೆ ನಾನು ಜಪಾನಿನ ಓಂ ಶಿನ್ರಿಕ್ಯೊ ಅನ್ನುವ ಗುರುವಿನ ಕೂಟವನ್ನು ನೆನಪಿಸುತ್ತೇನೆ. 1995ರ ಮಾರ್ಚ್ 20ರಂದು ಟೋಕಿಯೊ ಮೆಟ್ರೊದಲ್ಲಿ ಸಾರಿನ್ ವಿಷ ಬಿಟ್ಟ ಆ ಕೂಟದವರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರೊಬ್ಬರಿದ್ದರು.

ಎಲ್ಲ ಆಶ್ರಮವನ್ನೂ ಕಲ್ಟ್, ಅಂದರೆ ಜನರನ್ನು ಹಿಡಿತದಲ್ಲಿಟ್ಟುಕೊಳ್ಳುವ ಕೂಟ, ಅಂತ ಕರೆಯಬೇಡಿ. ನಾನು ತುಮಕೂರಿನವಳು. ನಮ್ಮಪ್ಪ ಸಿದ್ಧಗಂಗಾ ಮಠದ ಊಟ ಉಂಡು ಓದಿದವರು. ರಜೆಗೆ ಮನೆಗೆ ಬಂದು ಹೊಲದಲ್ಲಿ ದುಡಿದು ಮತ್ತೆ ಹೋಗುತ್ತಿದ್ದರು. ಹೆತ್ತವಳನ್ನು ಬಿಡು ಅಂತ ಅಲ್ಲಿ ಯಾರೂ ಅವರಿಗೆ ಹೇಳಿಕೊಡಲಿಲ್ಲ. ನನ್ನ ಮಟ್ಟಿಗೆ ವ್ಯತ್ಯಾಸ ಗೊತ್ತಾಗುವುದು ಅಲ್ಲೇ. ಪ್ರಶ್ನೆ ಕೇಳಿದವನು ಪಾಪಿ ಆಗುತ್ತಾನಾ? ಬಿಟ್ಟುಬಂದವರ ಹೆಸರು ಎತ್ತಬಾರದಾ? ದಾನಕ್ಕೆ ರಸೀದಿ ಕೇಳಿದರೆ ಶ್ರದ್ಧೆ ಕಮ್ಮಿ ಅನ್ನುತ್ತಾರಾ? ನಿದ್ದೆ, ಊಟ, ಉಡುಪು, ಮದುವೆ ಎಲ್ಲದಕ್ಕೂ ಮೇಲಿನವರ ಅಪ್ಪಣೆ ಬೇಕಾ? ಇವುಗಳಲ್ಲಿ ಎರಡು ಮೂರು ಹೌದಾದರೆ ಎಚ್ಚರವಾಗಿ. ಮಾತಿನ ಮೇಲೂ ಕಿವಿ ಇಡಿ. ಅಮ್ಮನಿಗೆ ಪಾರ್ಶ್ವವಾಯು ಹೊಡೆದಾಗ ತಮ್ಮ ಫೋನಿನಲ್ಲಿ, "ಕರ್ಮ ಕಳೀತಿದೆ ಅಕ್ಕ, ತಡೀಬೇಡ" ಅಂದ. ಅದು ಅವನ ಮಾತೇ ಆಗಿರಲಿಲ್ಲ.

ಆಗಲೇ ನಾನು ಕೂಗಾಡಿದ್ದು. ನಿನ್ನ ಗುರು ಕಳ್ಳ ಅಂದೆ. ಮನೆಯವರು ಹೀಗೇ ಬೈಯುತ್ತಾರೆ, ಅದು ನಿನಗೊಂದು ಪರೀಕ್ಷೆ ಅಂತ ಅವನಿಗೆ ಮೊದಲೇ ಹೇಳಿಟ್ಟಿದ್ದರಂತೆ. ಅವರು ಹೇಳಿದ್ದನ್ನು ನಾನೇ ನಿಜ ಮಾಡಿಕೊಟ್ಟೆ.

ಹದಿನಾಲ್ಕು ತಿಂಗಳ ಮೇಲೆ ದಾರಿ ಬದಲಿಸಿದೆ. ತಿಂಗಳಿಗೊಂದು ಕಾರ್ಡು ಬರೆದೆ. ಅದರಲ್ಲಿ ಬುದ್ಧಿವಾದವಾಗಲಿ, ಯಾವಾಗ ಬರ್ತೀಯ ಅನ್ನುವ ಪ್ರಶ್ನೆಯಾಗಲಿ ಇರಲಿಲ್ಲ. ಹಿತ್ತಲ ನುಗ್ಗೆ ಮರ ಗಾಳಿಗೆ ಬಿತ್ತು, ಅಮ್ಮ ಈಗ ಎಡಗೈಯಲ್ಲಿ ತಟ್ಟೆ ಹಿಡಿಯುತ್ತಾಳೆ, ನಿನ್ನ ಜೊತೆ ಓದಿದವನು ಬಿ.ಎಚ್. ರಸ್ತೆಯಲ್ಲಿ ಔಷಧಿ ಅಂಗಡಿ ಹಾಕಿದ್ದಾನೆ, ನಿನ್ನನ್ನು ಕೇಳಿದ. ಇಷ್ಟೇ. ಗೌರಿ ಹಬ್ಬಕ್ಕೆ ಒಂದು ಡಬ್ಬಿ ಕೋಡುಬಳೆ ಕಳಿಸಿದೆ. ನಾಲ್ಕನೇ ಕಾರ್ಡಿಗೆ ಫೋನ್ ಬಂತು. "ಕೋಡುಬಳೆಗೆ ಖಾರ ಜಾಸ್ತಿ ಆಗಿತ್ತು" ಅಂದ. ನಾನು ಅತ್ತಿದ್ದು ಅವನಿಗೆ ಕೇಳಿಸಬಾರದು ಅಂತ ಕುಕ್ಕರ್ ಕೂಗ್ತಿದೆ ತಡಿ ಅಂದು ಫೋನ್ ಕೆಳಗಿಟ್ಟೆ.

ಆಮೇಲೆ ಪ್ರತಿ ಭಾನುವಾರ ಮಾತಾಡಿದೆವು. ಪಕ್ಕದಲ್ಲಿ ಯಾರೋ ಇರುತ್ತಿದ್ದರು ಅಂತ ಗೊತ್ತಾಗುತ್ತಿತ್ತು. ನೀವು ಹೀಗೆ ಮಾತಾಡುವಾಗ ಅವರ ಹಳೆಯ ಬದುಕಿನ ಸುದ್ದಿ ತನ್ನಿ: ಕ್ರಿಕೆಟ್ಟು, ಹಳೇ ಮೇಷ್ಟರು, ಅವರೇ ನೆಟ್ಟ ಗಿಡ. ಗುರುಗಳ ವಿಷಯ ಅವರೇ ಎತ್ತಿದರೆ ಸಮಾಧಾನವಾಗಿ ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೆ ಒತ್ತಾಯಿಸಬೇಡಿ. "ಬೆನ್ನು ನೋವಿಗೆ ಡಾಕ್ಟರ ಹತ್ತಿರ ಹೋಗೋಕೆ ಬಿಡ್ತಾರಾ?" ಅಂತ ನಾನು ಕೇಳಿದ್ದೆ. ಅವತ್ತು ಅವನು ಸುಮ್ಮನಾದ. ಆ ಪ್ರಶ್ನೆ ತಲೆಯಲ್ಲೇ ಉಳಿದಿತ್ತು ಅಂತ ಎಷ್ಟೋ ದಿನಗಳ ಮೇಲೆ ಹೇಳಿದ.

ದುಡ್ಡು ಕಳಿಸಬೇಡಿ, ಅದು ಅವರ ಕೈಗೆ ಹೋಗುತ್ತದೆ ಅನ್ನುವ ನಂಬಿಕೆ ಇಲ್ಲ. ಚಪ್ಪಲಿ, ಮಾತ್ರೆ, ಹೊದಿಕೆ ಕಳಿಸಿ.

ಕಾಗದಪತ್ರದ ಕೆಲಸವನ್ನು ಮಾತ್ರ ತಡಮಾಡಬಾರದು. ವಿಭಾಗವಾಗದ ಪಿತ್ರಾರ್ಜಿತ ಆಸ್ತಿಯಲ್ಲಿ ತನ್ನ ಪಾಲನ್ನು ಉಳಿದ ಪಾಲುದಾರರ ಒಪ್ಪಿಗೆ ಇಲ್ಲದೆ ದಾನ ಬರೆದುಕೊಡಲು ಬರುವುದಿಲ್ಲ. ಸ್ವಂತ ಸೈಟನ್ನು ಬರೆದುಕೊಡಬಹುದು. ಹಾಗಾಗಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಆಗಾಗ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ ನೋಡಿ. ಬರೆದುಕೊಟ್ಟದ್ದು ಗೊತ್ತಾದರೂ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. 1872ರ ಕರಾರು ಕಾಯ್ದೆಯ 16ನೇ ಕಲಂ, ಒಬ್ಬರ ಮನಸ್ಸಿನ ಮೇಲೆ ಹಿಡಿತ ಇರುವವರು ಆ ಹಿಡಿತದಿಂದ ಅನ್ಯಾಯದ ಲಾಭ ಮಾಡಿಕೊಳ್ಳುವುದನ್ನು ಅನುಚಿತ ಪ್ರಭಾವ ಅನ್ನುತ್ತದೆ. ಪರಲೋಕದಲ್ಲಿ ಒಳ್ಳೆಯದಾಗಲಿ ಅಂತ ಒಬ್ಬ ಮುದುಕ ಇದ್ದಬದ್ದ ಆಸ್ತಿಯನ್ನೆಲ್ಲ ಗುರುವಿಗೆ ಬರೆದುಕೊಟ್ಟಿದ್ದನ್ನು 1890ರಲ್ಲೇ ಅಲಹಾಬಾದ್ ಹೈಕೋರ್ಟು ರದ್ದು ಮಾಡಿದೆ. ಆದರೆ ಬರೆದುಕೊಟ್ಟವರೇ ಮುಂದೆ ಬರಬೇಕು, ವಿಷಯ ಗೊತ್ತಾದ ಮೂರು ವರ್ಷದೊಳಗೆ ದಾವೆ ಹೂಡಬೇಕು. ವಕೀಲರ ಫೀಸಿಗೆ ತೊಂದರೆ ಇದ್ದರೆ ಜಿಲ್ಲಾ ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಪೊಲೀಸರ ಹತ್ತಿರ ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೊಡೆತ, ಕೂಡಿಹಾಕುವುದು, ಮಕ್ಕಳನ್ನು ಇಟ್ಟುಕೊಳ್ಳುವುದು, ಲೈಂಗಿಕ ದೌರ್ಜನ್ಯ, ಇವು ಯಾವುದಿದ್ದರೂ ಅವತ್ತೇ ಹೋಗಿ. ವಯಸ್ಸಿಗೆ ಬಂದವರು ಇಷ್ಟಪಟ್ಟು ಇದ್ದೇನೆ ಅಂದರೆ ಮಾತ್ರ ಕೋರ್ಟೂ ಎಳೆದುಕೊಂಡು ಬರುವುದಿಲ್ಲ. ನಾವೇ ಎತ್ತಿಕೊಂಡು ಬರೋಣ ಅಂತ ನನ್ನ ಸೋದರಮಾವ ಹೊರಟಿದ್ದರು. ಅವರನ್ನು ತಡೆದಿದ್ದು ನಾನು ಮಾಡಿದ ಒಳ್ಳೆಯ ಕೆಲಸ.

ಅವರ ಆಧಾರ್, ಪಾಸ್‌ಪೋರ್ಟ್, ಅಂಕಪಟ್ಟಿ ಎಲ್ಲಿವೆ ಅಂತ ತಿಳಿದುಕೊಳ್ಳಿ, ನಕಲು ನಿಮ್ಮಲ್ಲಿರಲಿ. ಜೋನ್ಸ್‌ಟೌನ್ ಕಥೆ ಓದಿದಾಗಿನಿಂದ ನನಗೆ ಈ ಭಯ. ಜಿಮ್ ಜೋನ್ಸ್ ಅನ್ನುವ ಪಾದ್ರಿ ಅಮೆರಿಕದಿಂದ ಗಯಾನಾದ ಕಾಡಿಗೆ ತನ್ನ ಭಕ್ತರನ್ನು ಕರೆದುಕೊಂಡು ಹೋಗಿ ಪಾಸ್‌ಪೋರ್ಟುಗಳನ್ನು ತೆಗೆದಿಟ್ಟುಕೊಂಡ, ಕಾಗದಗಳನ್ನು ಒಡೆದು ಓದಿಸಿದ. ಊರಿನಲ್ಲಿದ್ದ ಅಪ್ಪ ಅಮ್ಮಂದಿರು ಗುಂಪು ಕಟ್ಟಿಕೊಂಡು ಕೂಗಿದ ಮೇಲೆ ಅಮೆರಿಕದ ಸಂಸದ ಲಿಯೊ ರಯಾನ್ ಅಲ್ಲಿಗೆ ಹೋದರು. ಕೆಲವರು ನಮ್ಮನ್ನೂ ಕರೆದುಕೊಂಡು ಹೋಗಿ ಅಂದರು. 1978ರ ನವೆಂಬರ್ 18ರಂದು ವಿಮಾನ ಹತ್ತುವ ಜಾಗದಲ್ಲಿ ಜೋನ್ಸ್ ಕಡೆಯವರು ರಯಾನ್ ಅವರನ್ನು ಗುಂಡಿಟ್ಟು ಕೊಂದರು. ಅವತ್ತೇ ಆ ಕಾಡಿನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಸುಮಾರು 300 ಮಂದಿ ಮಕ್ಕಳು. ಆ ತಂದೆತಾಯಂದಿರು ಅಷ್ಟೆಲ್ಲ ಓಡಾಡಿದ್ದರು ಅನ್ನುವುದು ನನ್ನನ್ನು ಈಗಲೂ ನಿದ್ದೆಗೆಡಿಸುತ್ತದೆ.

ನನ್ನ ತಮ್ಮ ನಾಲ್ಕನೇ ವರ್ಷ ಆಷಾಢದಲ್ಲಿ ಬಂದ. ಬೆಳಗಿನ ಜಾವ ಬಸ್‌ಸ್ಟ್ಯಾಂಡಿನಿಂದ ನಡೆದುಕೊಂಡೇ ಬಂದಿದ್ದ, ಹೆಗಲಿಗೊಂದು ಚೀಲ, ಕಾಲು ತುಂಬ ಕೆಸರು. "ನಾನು ಅವತ್ತೇ ಹೇಳಿರಲಿಲ್ವಾ" ಅನ್ನುವ ಮಾತು ನಾಲಿಗೆ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಕಾಲು ತೊಳ್ಕೊ, ದೋಸೆ ಹಾಕ್ತೀನಿ ಅಂದೆ. ಅಮ್ಮ ಏನೂ ಅನ್ನದೆ ಎಡಗೈಯಿಂದ ಅವನ ತಲೆ ಸವರಿದಳು.

ಬಂದವರು ಮಾರನೇ ದಿನಕ್ಕೇ ಮೊದಲಿನಂತಾಗುವುದಿಲ್ಲ. ಎಂಟು ತಿಂಗಳು ಅವನು ಮೂರು ಗಂಟೆಗೆ ದಡಕ್ಕನೆ ಎದ್ದು ಕೂರುತ್ತಿದ್ದ. ಅಂಗಿ ತಗೊಳ್ಳೋಕೂ "ತಗೋಬಹುದಾ ಅಕ್ಕ?" ಅಂತ ಕೇಳುತ್ತಿದ್ದ. ಆಗ ನೀವು ಹೂಂ ಅನ್ನಬೇಡಿ, ಇನ್ನೊಬ್ಬ ಗುರು ಆಗಿಬಿಡುತ್ತೀರಿ. "ನಿನಗೆ ಯಾವುದು ಇಷ್ಟ?" ಅಂತ ಕೇಳಿ, ಎಷ್ಟು ಹೊತ್ತಾದರೂ ಕಾಯಿರಿ. ನಿದ್ದೆ ಬಾರದಿದ್ದರೆ, ಸಾಯುವ ಮಾತಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಅವರ ಪೂಜೆ, ಜಪ ನಿಲ್ಲಿಸಲು ಹೋಗಬೇಡಿ. ಚೀಲದಲ್ಲಿದ್ದ ಆ ಗುರುಗಳ ಫೋಟೋ ಅವನ ಕಪಾಟಿನಲ್ಲಿ ಅಂಗಿಗಳ ಕೆಳಗಿದೆ. ಇಸ್ತ್ರಿ ಬಟ್ಟೆ ಇಡುವಾಗ ಕಾಣುತ್ತದೆ. ನಾನು ಅದನ್ನು ಮುಟ್ಟಿಲ್ಲ.