ಫ್ರಿಗೇಟ್ ಹಕ್ಕಿಯ ದರೋಡೆ ನನ್ನ ಕ್ಯಾಮೆರಾಕ್ಕೆ ಸಿಕ್ಕ ಬಗೆ

ಈಕ್ವೆಡಾರ್‌ಗೆ ಸೇರಿದ ಗಾಲಾಪಗೋಸ್ ದ್ವೀಪಸಮೂಹದ ನಾರ್ತ್ ಸೀಮೋರ್ ದ್ವೀಪದಲ್ಲಿ ಫ್ರಿಗೇಟ್ ಎಂಬ ಕಡಲಹಕ್ಕಿಯೊಂದು ನೀಲಿಪಾದದ ಬೂಬಿ ಎಂಬ ಇನ್ನೊಂದು ಕಡಲಹಕ್ಕಿಯ ಬಾಲವನ್ನು ಕೊಕ್ಕಿನಿಂದ ಹಿಡಿದೆಳೆದು, ಅದು ಕಕ್ಕಿದ ಮೀನನ್ನು ನೀರಿಗೆ ಬೀಳುವ ಮೊದಲೇ ಎತ್ತಿಕೊಂಡದ್ದು ಒಂದೇ ಸರಣಿಯಲ್ಲಿ ನನಗೆ ಸಿಕ್ಕಿದ್ದು ಮೂರನೆಯ ಪ್ರವಾಸದಲ್ಲಿ. ಫ್ರಿಗೇಟನ್ನು ಬಿಟ್ಟು ಬೂಬಿಯ ಮೇಲೆ ಫೋಕಸ್ ಇಡುತ್ತೇನೆ ಎಂದಾಗ ಜೊತೆಗಿದ್ದ ಛಾಯಾಗ್ರಾಹಕರಲ್ಲಿ ಒಬ್ಬರೂ ಒಪ್ಪಿರಲಿಲ್ಲ.

ಮೊದಲ ಸಲ ಸುಮಾರು 400 ಡಾಲರ್ ಬಾಡಿಗೆ ತೆತ್ತು 600 ಮಿ.ಮೀ. ಲೆನ್ಸ್ ಒಯ್ದಿದ್ದೆ. ಎರಡೂಕಾಲು ಮೀಟರ್ ರೆಕ್ಕೆಹರವಿನ ಹಕ್ಕಿ ನೆತ್ತಿಯ ಮೇಲೆಯೇ ತೇಲುವ ಆ ಜಾಗದಲ್ಲಿ ಪ್ರತಿ ಚಿತ್ರದಲ್ಲೂ ರೆಕ್ಕೆಯ ತುದಿ ಕತ್ತರಿಸಿಹೋಗಿತ್ತು. ಎರಡನೆಯ ಸಲ ಕ್ಯಾಮೆರಾದ ಬೆಳಕಿನ ಮೀಟರನ್ನು ನಂಬಿದ್ದರಿಂದ ಬೆಳ್ಳಗಿನ ಆಕಾಶದ ಎದುರು ಕರಿಹಕ್ಕಿಗಳೆಲ್ಲ ಬರಿಯ ನೆರಳಾದವು. ಅಷ್ಟರಲ್ಲಿ, 2024ರ ಆಗಸ್ಟ್‌ನಿಂದ, ವಿದೇಶಿಯರಿಗೆ ಗಾಲಾಪಗೋಸ್ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ 100ರಿಂದ 200 ಡಾಲರಿಗೆ ಏರಿತು; ದಿನದ ದೋಣಿಗೆ ನೆನಪಿನಂತೆ ಇನ್ನೂರೈವತ್ತರ ಆಸುಪಾಸು ಬೇರೆ. ಇಷ್ಟು ಕೊಟ್ಟರೂ ದ್ವೀಪದ ಮೇಲೆ ದಕ್ಕುವುದು ಎರಡು ಗಂಟೆಯಷ್ಟೇ, ಅದೂ ಮಾರ್ಗದರ್ಶಿಯ ಜೊತೆ, ಗುರುತಿಸಿದ ಹಾದಿಯ ಮೇಲೆ, ಹಕ್ಕಿಗಳಿಂದ 2 ಮೀಟರ್ ದೂರದಲ್ಲಿ.

ಒಂದೂವರೆ ಕಿಲೋ ಆಸುಪಾಸಿನ ದೇಹಕ್ಕೆ ಅಷ್ಟು ದೊಡ್ಡ ರೆಕ್ಕೆ; ಕವಲುಬಾಲವನ್ನು ಕತ್ತರಿಯಂತೆ ತೆರೆದು ಮುಚ್ಚುತ್ತ ನಿಂತಲ್ಲೇ ತಿರುಗಿಬಿಡುವ ಆ ಹಕ್ಕಿಯನ್ನು ಹಿಂಬಾಲಿಸಿ ಗೆದ್ದವರನ್ನು ನಾನು ಕಂಡಿಲ್ಲ. ಬೂಬಿಯಾದರೋ ಹೊಟ್ಟೆ ತುಂಬಿಕೊಂಡು ಗೂಡಿನತ್ತ ನೇರವಾಗಿ, ಭಾರವಾಗಿ, ತಗ್ಗಿನಲ್ಲಿ ಹಾರಿ ಬರುತ್ತದೆ. ಅದನ್ನು ಚೌಕಟ್ಟಿನ ಮುಂಭಾಗದಲ್ಲಿಟ್ಟು ಬಾಲದ ಹಿಂದೆ ಜಾಗ ಬಿಟ್ಟರೆ ಫ್ರಿಗೇಟ್ ತಾನಾಗಿ ಒಳಗೆ ಬರುತ್ತದೆ. 100–400 ಮಿ.ಮೀ. ಲೆನ್ಸನ್ನು 200ರ ಹತ್ತಿರ ನಿಲ್ಲಿಸಿದೆ, ಶಟರ್ 1/3200 ಸೆಕೆಂಡ್, ಎಕ್ಸ್‌ಪೋಷರ್ ಮ್ಯಾನ್ಯುಯಲ್, ಮೀಟರು ಹೇಳಿದ್ದಕ್ಕಿಂತ ಒಂದೂಕಾಲು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಮೇಲೆ. ಯಾವ ಬೂಬಿಯ ಮೇಲೆ ದಾಳಿ ಆಗಲಿದೆ ಎಂಬುದಕ್ಕೆ ಇನ್ನೊಂದು ಗುರುತೂ ಇದೆ. ಎರಡು ಪ್ರವಾಸಗಳ ಖರ್ಚಿನಲ್ಲಿ ಕಲಿತ ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಬೂಬಿಗಳು ಬಾರದ ಹೊತ್ತಿನಲ್ಲಿ ಫ್ರಿಗೇಟ್ ಗಂಡುಗಳನ್ನು ಪ್ರಭೇದವಾರು ಗುರುತಿಸಲು ಯತ್ನಿಸಿದೆ, ಏಕೆಂದರೆ ಅಲ್ಲಿ ಮ್ಯಾಗ್ನಿಫಿಸೆಂಟ್ ಮತ್ತು ಗ್ರೇಟ್ ಎಂಬ ಎರಡು ಫ್ರಿಗೇಟ್ ಪ್ರಭೇದಗಳು ಒಟ್ಟಿಗೇ ಗೂಡು ಕಟ್ಟುತ್ತವೆ. ಬೆನ್ನಿನ ಗರಿಯ ಹೊಳಪು ಮ್ಯಾಗ್ನಿಫಿಸೆಂಟ್‌ನಲ್ಲಿ ನೇರಳೆ, ಗ್ರೇಟ್‌ನಲ್ಲಿ ಹಸಿರು. ಸೂರ್ಯ ನನ್ನ ಬೆನ್ನಿಗಿದ್ದಾಗ ಮಾತ್ರ ಅದು ಕಾಣಿಸಿತು. ಹೆಣ್ಣುಗಳಲ್ಲಿ ಈ ಕಷ್ಟವಿಲ್ಲ, ಕಣ್ಣಿನ ಸುತ್ತಲ ಉಂಗುರ ಮೊದಲಿನದರಲ್ಲಿ ನೀಲಿ, ಎರಡನೆಯದರಲ್ಲಿ ಕೆಂಪು. ಗಂಡೊಂದು ಕೆಂಪು ಗಂಟಲಚೀಲವನ್ನು ಪೂರ್ತಿ ಉಬ್ಬಿಸಲು ಸುಮಾರು ಇಪ್ಪತ್ತು ನಿಮಿಷ ತೆಗೆದುಕೊಂಡಿತು.

ಮೂರನೆಯ ಪ್ರವಾಸದಲ್ಲಿ ನಲವತ್ತರಷ್ಟು ಬೆನ್ನಟ್ಟುವಿಕೆ ಕಂಡೆ. ಬಹುಪಾಲು ಬೂಬಿಗಳು ತಪ್ಪಿಸಿಕೊಂಡವು. ದರೋಡೆಕೋರನೆಂದು ಹೆಸರಾಗಿದ್ದರೂ ಈ ಹಕ್ಕಿ ತನ್ನ ಆಹಾರದ ಹೆಚ್ಚಿನ ಪಾಲನ್ನು ಕಡಲ ಮೇಲ್ಮೈಯಿಂದ ತಾನೇ ಹಿಡಿಯುತ್ತದೆ ಎಂಬುದು ಅಲ್ಲಿ ನಿಂತು ನೋಡಿದವರಿಗೆ ಮನದಟ್ಟಾಗುತ್ತದೆ. ಮೂರು ಸಲ ಮಾತ್ರ ಮೀನು ಕೈಬದಲಾಯಿತು, ಮೂರೂ ನನಗೆ ಸಿಕ್ಕವು. ಕೊನೆಯ ಸರಣಿಯಲ್ಲಿ ಮೀನು ಅಲೆಗಿಂತ ಒಂದು ಗೇಣು ಮೇಲಿದೆ, ಕೊಕ್ಕಿನ ಕೊಕ್ಕೆ ಅದನ್ನು ಆಗಲೇ ಹಿಡಿದಿದೆ, ನೀರನ್ನು ತಡೆಯಲಾರದ ಆ ಗರಿಗಳಲ್ಲಿ ಒಂದೂ ಒದ್ದೆಯಾಗಿಲ್ಲ.